ಗಾಳಿಗೆ ಬೆನ್ನು ಕೊಟ್ಟ ಹಕ್ಕಿ

ಎಲ್ಸ್ಪಾಳ ಕಣ್ಣಿನ ಬಗ್ಗೆ ಉತ್ತರ ಕಡಲಿನ ನಮ್ಮ ಸಾಂಡೋಯ್ ದ್ವೀಪದಲ್ಲಿ ಎರಡು ಮಾತಿರಲಿಲ್ಲ. ಹದಿನಾರನೇ ವಯಸ್ಸಿಗೆ ಮೀನಿನ ಕಾರ್ಖಾನೆ ಸೇರಿದವಳು. ಅಲ್ಲಿ ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಕಾಡ್ ಮೀನಿನ ಹೋಳು ಹರವಿ, ಮಾಂಸದೊಳಗೆ ಅಡಗಿದ ಹುಳು ಹೆಕ್ಕುವ ಕೆಲಸ. ಉಳಿದ ಹೆಂಗಸರು ಹೋಳನ್ನು ಎತ್ತಿ, ತಿರುವಿ, ಮೂಗಿನ ಹತ್ತಿರ ತಂದು ನೋಡುವಷ್ಟರಲ್ಲಿ ಇವಳು ಹುಳು ಕಿತ್ತು ಬಿಸಾಡಿ ಮುಂದಿನ ಹೋಳಿಗೆ ಕೈ ಹಾಕಿರುತ್ತಿದ್ದಳು. ಎಲ್ಸ್ಪಾ ನೋಡಿದ ಮೀನನ್ನು ಮತ್ತೆ ನೋಡಬೇಕಾಗಿಲ್ಲ ಎಂದು ಮೇಸ್ತ್ರಿಯೇ ಹೇಳುತ್ತಿದ್ದ. ಆ ಕಾರ್ಖಾನೆ ಮುಚ್ಚಿದ ಮೇಲೆ ಶಾಲೆಯ ಬಸ್ಸು ಓಡಿಸಲು ಶುರುಮಾಡಿದಳು, ಈಗ ಇಪ್ಪತ್ತೆರಡು ವರ್ಷ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ ಅವಳು ಕೊಡುತ್ತಿದ್ದ ಉತ್ತರ ಒಂದೇ: ನನಗೆ ಎಲ್ಲರ ಹುಳುಕೂ ಕಾಣಿಸುತ್ತೆ, ಏನು ಮಾಡಲಿ.

ಬಸ್ಸಿಗಿಂತ, ಮೀನಿಗಿಂತ ಅವಳಿಗೆ ಹೆಸರು ತಂದದ್ದು ಚಾಲ್ದುರ್ ಹಕ್ಕಿ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಉದ್ದನೆಯ ಕೆಂಪು ಕೊಕ್ಕು. ಸೆಪ್ಟೆಂಬರಿನಲ್ಲಿ ದಕ್ಷಿಣಕ್ಕೆ ಹಾರಿಹೋಗಿ, ಮಾರ್ಚ್ ಹನ್ನೆರಡರ ಗ್ರೇಕಾರಿಸ್ ಹಬ್ಬದ ಹೊತ್ತಿಗೆ ನಮ್ಮ ಮರಳದಂಡೆಗೆ ಮರಳುತ್ತದೆ. ಚಳಿಗಾಲ ಮುಗಿಯಿತೆಂದು ನಾವು ನಂಬುವುದು ಅದು ಬಂದಿಳಿದ ಮೇಲೆ. ನಮ್ಮ ಹಳ್ಳಿಯಲ್ಲಿ ಒಂದು ಕಟ್ಟಳೆ ಇದೆ. ಮೊದಲ ಹಕ್ಕಿಯನ್ನು ಕಂಡವರು ಟೋಪಿ ತೆಗೆದು ಅದಕ್ಕೆ ನಮಸ್ಕಾರ ಹೇಳಬೇಕು, ಆಮೇಲೆ ಶಾಲೆಗೆ ತಿಳಿಸಬೇಕು. ಶಾಲೆಯ ಬಾವುಟ ಏರುತ್ತದೆ, ಮಕ್ಕಳು ಸಾಲಾಗಿ ಬಂದು ದಂಡೆಯ ಮೇಲಿನ ಹುಲ್ಲುದಿಣ್ಣೆಯಲ್ಲಿ ನಿಂತು ಹಾಡುತ್ತಾರೆ. ಆದರೆ ಹಕ್ಕಿ ತಾನಾಗಿ ಹಾರುವವರೆಗೆ ಯಾರೂ ಅದರ ಹತ್ತಿರ ಹೋಗುವಂತಿಲ್ಲ. ಮೊದಲ ಹಕ್ಕಿಯನ್ನು ಬೆದರಿಸಿದರೆ ಆ ವರ್ಷದ ಮೀನೂ ಅದರ ಹಿಂದೆಯೇ ಹೋಗುತ್ತದಂತೆ. ಹೋಗುತ್ತದೋ ಇಲ್ಲವೋ, ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗಿದೆ?

ಹತ್ತೊಂಬತ್ತು ವರ್ಷಗಳಿಂದ ಮೊದಲ ಹಕ್ಕಿ ಎಲ್ಸ್ಪಾಳದೇ. ಬೇರೆಯವರು ಹುಡುಕುವುದನ್ನೇ ಬಿಟ್ಟಿದ್ದರು.

ಈ ವರ್ಷ ಅವಳಿಗೆ ಐವತ್ತೊಂಬತ್ತು. ಮಾರ್ಚ್ ಒಂಬತ್ತರಿಂದ ದಿನಾ ಬೆಳಿಗ್ಗೆ ಪಕ್ಕದ ಹಳ್ಳಿಯ ಹದಿನಾಲ್ಕು ಮಕ್ಕಳನ್ನು ಶಾಲೆಗೆ ಇಳಿಸಿ, ಬಸ್ಸು ನಿಲ್ಲಿಸಿ, ರಬ್ಬರ್ ಬೂಟು ಹಾಕಿಕೊಂಡು ದಂಡೆಯ ಈ ತುದಿಯಿಂದ ಆ ತುದಿಗೆ ನಡೆದಳು. ಮೂರು ದಿನ ಏನೂ ಸಿಗಲಿಲ್ಲ. ಹನ್ನೊಂದರ ಸಂಜೆ ಅಂಗಡಿಯಲ್ಲಿ, ಉತ್ತರದ ದ್ವೀಪದಲ್ಲಿ ಯಾರೋ ಆಗಲೇ ಎರಡು ಹಕ್ಕಿ ಕಂಡರಂತೆ ಎಂಬ ಸುದ್ದಿ ಬಂತು. ಅದನ್ನು ಹೇಳಿದ ಅಂಗಡಿಯವನ ಕೈಯಿಂದ ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು ಅವಳು ಮನೆಗೆ ನಡೆದಳು.

ಇಷ್ಟೆಲ್ಲದರ ನಡುವೆ ಅವಳಿಗೆ ಸಾಕಾರಿಸ್‌ನದೂ ಒಂದು ಯೋಚನೆ ಇತ್ತು. ಸಾಕಾರಿಸ್ ಎಂದರೆ ಹಳೆಯ ದೋಣಿಸೇವೆಯಲ್ಲಿ ಮೂವತ್ತು ವರ್ಷ ಚುಕ್ಕಾಣಿಕೋಣೆಯಲ್ಲಿ ನಿಂತು ಮುಂದಿನ ದಾರಿಯ ಮೇಲೆ ಕಣ್ಣಿಟ್ಟವನು. ಹೆಂಡತಿ ತೀರಿಕೊಂಡಿದ್ದಾಳೆ, ವಯಸ್ಸು ಅರವತ್ತಾರು. ಸಮುದ್ರದಡಿ ಸುರಂಗ ಆದ ಮೇಲೆ ದೋಣಿ ನಿಂತಿತು, ಅವನ ಕೆಲಸವೂ ನಿಂತಿತು. ಕಳೆದ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಬಸ್ಸು ಹತ್ತಿ, ಮನೇಲಿ ಕೂತು ಕೂತು ಬೇಜಾರು ಎಂದು ಅವಳ ಪಕ್ಕದ ಮುಂದಿನ ಸೀಟಿನಲ್ಲಿ ಕುಳಿತ. ಮರುದಿನವೂ ಬಂದ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಮಾತೋ ಮಾತು. ಎಡಗಡೆ ಮೂರು ಕುರಿ, ಅದರಲ್ಲೊಂದು ದಾಟೋ ಯೋಚನೆಯಲ್ಲಿದೆ ನೋಡು, ಎನ್ನುವನು. ಎದುರಿಗೆ ಕೆಂಪು ಲಾರಿ, ಪಾಪ ಏನು ಅವಸರವೋ, ಎನ್ನುವನು. ಹಡಗಿನವರ ಚಾಳಿ, ಕಂಡದ್ದನ್ನೆಲ್ಲ ಕೂಗಿ ಹೇಳುತ್ತಾನೆ ಎಂದುಕೊಂಡು ಎಲ್ಸ್ಪಾ ನಗುತ್ತಿದ್ದಳು. ಫೆಬ್ರವರಿಯಲ್ಲಿ ಅವನಿಗೆ ಜ್ವರ ಬಂದು ಮೂರು ದಿನ ಬರಲಿಲ್ಲ. ಎರಡನೇ ದಿನವೇ ತಿರುವಿನ ಕಂಬಕ್ಕೆ ತಾಗಿ ಬಸ್ಸಿನ ಎಡಗನ್ನಡಿ ಒಡೆಯಿತು. ಕಂಬವನ್ನು ನೆಟ್ಟ ಜಾಗವೇ ಸರಿಯಿಲ್ಲ ಎಂದು ಪಂಚಾಯಿತಿಗೆ ಅವಳು ಖಾರವಾಗಿ ಒಂದು ಪತ್ರ ಬರೆದಳು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಮಾತು ಅವಳಿಗೂ ಗೊತ್ತಿತ್ತು, ಆದರೆ ತನಗೆ ಅನ್ವಯಿಸಿಕೊಳ್ಳಲು ಗಾದೆ ಕಲಿಯುವವರು ಯಾರೂ ಇಲ್ಲ.

ಊರವರು ಕೀಟಲೆ ಶುರುಮಾಡಿದರು. ಶಾಲೆಯ ಟೀಚರ್ ಮಾಲನ್ ಒಂದು ದಿನ ಬಸ್ಸಿನ ಬಾಗಿಲಲ್ಲೇ ನಿಂತು ಕೇಳಿದಳು:

"ಎಲ್ಸ್ಪಕ್ಕ, ಆ ಮನುಷ್ಯನಿಗೆ ಇಷ್ಟ ಆಗಿರೋದು ಬಸ್ಸೋ, ಡ್ರೈವರೋ?"

ಎಲ್ಸ್ಪಾ ಗದರಿಸಿ ಕಳಿಸಿದಳು. ಆದರೆ ಆ ವಾರವೇ ಕೆಂಪು ಉಣ್ಣೆ ತಂದು ಒಂದು ಕತ್ತುವಸ್ತ್ರ ಹೆಣೆದುಕೊಂಡಳು. ಅದನ್ನು ಸುತ್ತಿಕೊಂಡು ಬಂದ ಬೆಳಿಗ್ಗೆ ಸಾಕಾರಿಸ್ ಅರ್ಧ ದಾರಿಯವರೆಗೂ ಸುಮ್ಮನಿದ್ದು, ಈ ಬಣ್ಣ ನಿನಗೆ ಒಪ್ಪುತ್ತೆ ಎಂದ. ಮಾರನೆಯ ದಿನದಿಂದ ಅವಳ ಡಬ್ಬಿಯಲ್ಲಿ ಒಣಮಾಂಸ ಇಟ್ಟ ರೊಟ್ಟಿ ಒಂದಲ್ಲ, ಎರಡು.

ಹನ್ನೆರಡನೇ ತಾರೀಖು ಬೆಳಿಗ್ಗೆ ಉತ್ತರದ ಗಾಳಿ ಮುಖಕ್ಕೆ ಉಪ್ಪು ಎರಚುತ್ತಿತ್ತು. ಸಮುದ್ರದ ಇಳಿತದ ಹೊತ್ತು. ಎಲ್ಸ್ಪಾ ಕಡಲಕಳೆ ತುಳಿಯುತ್ತಾ, ಹಳ್ಳ ಸಮುದ್ರ ಸೇರುವ ಕಡೆ ನಡೆದಳು. ಅಲ್ಲಿ ನೀರಿನಿಂದ ಆಚೆಗೆ ಒಂದು ಚಪ್ಪಟೆ ಬಂಡೆ ಇದೆ. ಬಂಡೆಯ ಮೇಲೆ ಕಪ್ಪು, ಕಪ್ಪಿನ ಕೆಳಗೆ ಬಿಳಿ, ಅದರ ಒಂದು ತುದಿಗೆ ಕೆಂಪು.

ಅವಳು ಟೋಪಿ ತೆಗೆದು ಎದೆಗೆ ಒತ್ತಿಕೊಂಡಳು. ಬಂದೆಯಾ ಮಹರಾಯ, ಎಂದು ಮೆಲ್ಲಗೆ ಅಂದಳು. ಕಣ್ಣಲ್ಲಿ ನೀರು ಬಂತು, ಗಾಳಿಗೋ ಸಂತೋಷಕ್ಕೋ. ಫೋನ್ ತೆಗೆದು ಮಾಲನ್‌ಗೆ ಹೇಳಿದಳು, ಬಾವುಟ ಏರಿಸಮ್ಮ, ಯಜಮಾನರು ಬಂದಿದ್ದಾರೆ. ಮಾಲನ್ ಒಂದು ಗಳಿಗೆ ತಡೆದು, ಆಯ್ತಕ್ಕ, ಈಗಲೇ ಬರ್ತೀವಿ ಎಂದಳು. ಸ್ವಲ್ಪ ಹೊತ್ತಿಗೆಲ್ಲ ದಿಣ್ಣೆಯಾಚೆ ಶಾಲೆಯ ಕಂಬದ ಮೇಲೆ ಬಾವುಟದ ಬಿಳುಪು ಪಟಪಟಿಸಿತು.

ಇಪ್ಪತ್ತನೆಯ ವರ್ಷ. ಎಲ್ಸ್ಪಾ ಟೋಪಿ ಹಾಕಿಕೊಂಡು, ಬಂಡೆಯನ್ನೇ ನೋಡುತ್ತಾ ನಿಂತಳು. ಹಕ್ಕಿ ಅಲುಗಲಿಲ್ಲ. ಇರಲಿ, ದೂರದಿಂದ ಹಾರಿ ಬಂದಿದೆ, ದಣಿದಿದೆ. ಆದರೆ ಸ್ವಲ್ಪ ಹೊತ್ತಿಗೆ ಏನೋ ಒಂದು ಅವಳ ಮನಸ್ಸನ್ನು ಕೊರೆಯತೊಡಗಿತು. ಅದು ಏನೆಂದು ಹಿಡಿಯಲು ಒಂದು ನಿಮಿಷ ಬೇಕಾಯಿತು.

ಗಾಳಿ ಉತ್ತರದಿಂದ ಬೀಸುತ್ತಿತ್ತು. ಹಕ್ಕಿಯ ಕೆಂಪು ತುದಿ ದಕ್ಷಿಣಕ್ಕಿತ್ತು.

ದಂಡೆಯ ಹಕ್ಕಿ ಯಾವುದೂ ಗಾಳಿಗೆ ಬೆನ್ನು ಕೊಟ್ಟು ನಿಲ್ಲುವುದಿಲ್ಲ. ಗರಿಯೊಳಗೆ ಚಳಿ ನುಗ್ಗುತ್ತದೆ. ಮೀನು ತಿನ್ನುವ ಕಾಗೆಯಿಂದ ಹಿಡಿದು ಮೊನ್ನೆ ಮೊಟ್ಟೆಯೊಡೆದು ಬಂದ ಮರಿಯವರೆಗೆ ಎಲ್ಲಕ್ಕೂ ಗೊತ್ತಿರುವ ವಿಷಯ. ಗಾಯಗೊಂಡಿದೆಯೇ? ಸತ್ತು ಸೆಟೆದಿದೆಯೇ? ಹತ್ತಿರ ಹೋಗಬಾರದೆಂಬ ಕಟ್ಟಳೆ ಅವಳನ್ನು ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸಿತು. ಆಮೇಲೆ, ಮಕ್ಕಳು ಬರುವಷ್ಟರಲ್ಲಿ ಸತ್ತ ಹಕ್ಕಿಯನ್ನಾದರೂ ಮರೆಮಾಡಬೇಕು ಎಂದುಕೊಂಡು ನೀರಿಗೆ ಕಾಲಿಟ್ಟಳು. ಬೂಟಿನ ಅರ್ಧಕ್ಕೆ ನೀರು. ಇಪ್ಪತ್ತು ಹೆಜ್ಜೆ, ಹತ್ತು ಹೆಜ್ಜೆ, ಕೈಗೆ ಎಟಕುವಷ್ಟು ಹತ್ತಿರ. ಹಕ್ಕಿ ಹಾರಲಿಲ್ಲ. ಅವಳು ಕೈ ಚಾಚಿ ಮುಟ್ಟಿದಳು.

ಮರ.

ಕೈ ಹಿಂದೆಳೆದುಕೊಂಡಳು, ಬೆಂಕಿ ಮುಟ್ಟಿದ ಹಾಗೆ. ಮತ್ತೆ ಮುಟ್ಟಿದಳು. ಕೆತ್ತಿ, ಉಜ್ಜಿ, ಬಣ್ಣ ಬಳಿದ ಮರ. ಯಾವನೋ ಪೋಲಿ ತನ್ನ ಮಾನ ಕಳೆಯಲು ಮಾಡಿದ್ದಾನೆ ಎಂದು ರಕ್ತ ತಲೆಗೇರಿತು. ಹಕ್ಕಿಯನ್ನು ಕಿತ್ತುಕೊಂಡು ಕಣ್ಣಿನ ಹತ್ತಿರ ತಂದಳು. ಕಣ್ಣಿನ ಜಾಗದಲ್ಲಿ ತಾಮ್ರದ ಮೊಳೆಯ ತಲೆ. ಹೆಬ್ಬೆರಳು ಅದರ ಮೇಲೆ ಹೋಗಿ ನಿಂತಿತು. ಆಟದ ಕುರಿ ಕೆತ್ತಿದಾಗಲೆಲ್ಲ ತಾಮ್ರದ ಮೊಳೆಯಿಂದ ಕಣ್ಣು ಮಾಡುವವನು ಇಡೀ ಊರಿನಲ್ಲಿ ಒಬ್ಬನೇ. ಕೆಂಪು ಬಣ್ಣ ಅವನದೇ ದೋಣಿಯ ತಳದ ಬಣ್ಣ.

ಅವನು ಓಡಿ ಬರುತ್ತಿದ್ದ. ಎಲ್ಸ್ಪಾಳ ತಮ್ಮ ಹಾನುಸ್, ದೋಣಿಮನೆಯಿಂದ, ಕೈ ಬೀಸುತ್ತಾ, ಎಡವುತ್ತಾ. ನೀರಿನ ಅಂಚಿಗೆ ಬಂದು ಏದುಸಿರು ಬಿಡುತ್ತಾ ನಿಂತ. ಅವಳು ನೀರಿನಿಂದ ಎದ್ದು ಬಂದು ಹಕ್ಕಿಯನ್ನು ಅವನ ಮುಂದೆ ಹಿಡಿದಳು.

"ಇದೇನೋ ಇದು?"

"ಹತ್ರ ಹೋಗಬಾರ್ದಿತ್ತು ಅಕ್ಕ. ಯಾರೂ ಹೋಗಲ್ಲ ಅಂತಲೇ ನಾನು..."

"ಇದೇನು ಅಂತ ಕೇಳ್ದೆ."

ಹಾನುಸ್ ಸುಳ್ಳು ಹೇಳಲು ಬಾರದ ಮನುಷ್ಯ. ಬಡಬಡನೆ ಎಲ್ಲವನ್ನೂ ಕಕ್ಕಿದ. ಎರಡು ವರ್ಷದ ಹಿಂದೆ ಅವಳು ಬಾವುಟ ಏರಿಸಿದ ದಿನ ಬಂಡೆಯ ಮೇಲಿದ್ದದ್ದು ಬಲೆಯಿಂದ ಕಿತ್ತುಬಂದ ಒಂದು ಕರಿ ತೇಲುಬುರುಡೆ, ಅದಕ್ಕೆ ಕಟ್ಟಿದ್ದ ಕೆಂಪು ಹಗ್ಗದ ತುಂಡು. ಮಕ್ಕಳು ದಿಣ್ಣೆಯ ಮೇಲೆ ನಿಂತು ನೋಡಿದರು, ಮಾಲನ್ ಬಾಯಿಗೆ ಬೆರಳಿಟ್ಟಳು, ಎಲ್ಲರೂ ತೇಲುಬುರುಡೆಗೇ ಹಾಡು ಹೇಳಿ ಹೋದರು. ಅಕ್ಕನಿಗೆ ಹೇಳುವುದು ಹೇಗೆ ಎಂದು ಯಾರಿಗೂ ತೋಚಲಿಲ್ಲ. ಹೋದ ವರ್ಷ ಮಕ್ಕಳಿಗೆ ನೋಡಲು ಏನಾದರೂ ಇರಲಿ ಎಂದು ಅವನೇ ಇದನ್ನು ಕೆತ್ತಿ ಇಟ್ಟ, ಎಲ್ಲರೂ ಹೋದ ಮೇಲೆ ಎತ್ತಿಕೊಂಡು ಹೋದ. ಈ ವರ್ಷವೂ ಇಟ್ಟ. ಇವತ್ತು ಬೆಳಿಗ್ಗೆ ಕತ್ತಲಲ್ಲಿ ಅವಸರ ಮಾಡಿದ್ದಕ್ಕೆ ಮುಖ ತಿರುಗಾಮುರುಗಾ ಆಗಿಬಿಟ್ಟಿತು.

ಎಲ್ಸ್ಪಾ ಕೇಳುತ್ತಾ ನಿಂತಿದ್ದಳು. ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಎರಡು ವರ್ಷ. ಅಂಗಡಿಯಲ್ಲಿ, ಚರ್ಚಿನಲ್ಲಿ, ಕಾಫಿಯ ಮೇಜಿನಲ್ಲಿ, ನಿನ್ನ ಕಣ್ಣೇ ಕಣ್ಣು ಎಂದು ಹೊಗಳಿದ ಒಂದೊಂದು ಬಾಯಿಯೂ ನೆನಪಿಗೆ ಬಂತು. ಆಮೇಲೆ, ಹಕ್ಕಿಯನ್ನು ಪಕ್ಕಕ್ಕೆ ತಳ್ಳಿ, ಬೇರೊಂದು ವಿಷಯ ಮುಂದೆ ಬಂದು ನಿಂತಿತು.

"ನನಗೆ ಕಣ್ಣು ಕಾಣಲ್ಲ ಅಂತ ಗೊತ್ತಿತ್ತು ನಿಮಗೆ. ಬಸ್ಸು ಓಡಿಸೋಕೆ ಬಿಟ್ರಿ."

"ಬಸ್ಸಿಗೇನಕ್ಕ ಭಯ, ಬಸ್ಸಲ್ಲಿ ಸಾಕಾರಿಸ್ ಇದ್ದಾನಲ್ಲ," ಎಂದ ಹಾನುಸ್. ಸಮಾಧಾನ ಹೇಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ.

ಎಡಗಡೆ ಮೂರು ಕುರಿ. ಎದುರಿಗೆ ಕೆಂಪು ಲಾರಿ. ಹಳ್ಳದ ಹತ್ರ ನೀರು ಹೆಪ್ಪುಗಟ್ಟಿದೆ ನೋಡು ಎಲ್ಸ್ಪಾ. ಆ ಟ್ರಾಕ್ಟರಿನವನು ಯಾವತ್ತು ಬದಿಗೆ ಸರಿಯೋದು ಕಲೀತಾನೋ. ನಾಲ್ಕು ತಿಂಗಳ ಮಾತು ಒಂದರ ಹಿಂದೊಂದು ಬಂದು ಅವಳ ಮುಖಕ್ಕೆ ಹೊಡೆಯಿತು. ಜ್ವರ ಬಂದ ಮೂರು ದಿನ. ಒಡೆದ ಕನ್ನಡಿ. ಆ ಕಂಬದ ಎತ್ತರವೂ ಒಂದು ಮಗುವಿನ ಎತ್ತರವೂ ಹೆಚ್ಚುಕಡಿಮೆ ಒಂದೇ ಎಂದು ಈಗ ಹೊಳೆದು, ಅವಳು ಮರಳ ಮೇಲೆ ಕುಸಿದು ಕೂತಳು.

ಮಕ್ಕಳ ತಂದೆತಾಯಿಯರೇ ಅಕ್ಟೋಬರಿನಲ್ಲಿ ಸಭೆ ಸೇರಿ ಸಾಕಾರಿಸ್‌ನನ್ನು ಕೇಳಿಕೊಂಡಿದ್ದರು. ಲೈಸೆನ್ಸಿನ ಕಣ್ಣುಪರೀಕ್ಷೆಗೆ ಇನ್ನೊಂದೇ ವರ್ಷ, ಅಲ್ಲಿಯವರೆಗೆ ಹೇಗೋ ತಳ್ಳಿದರೆ ವೈದ್ಯರೇ ಹೇಳುತ್ತಾರೆ, ನಾವೇಕೆ ಕೆಟ್ಟವರಾಗುವುದು ಎಂಬ ತೀರ್ಮಾನ. ನಮ್ಮೂರಿನವರು ಒಳ್ಳೆಯವರು. ಒಳ್ಳೆಯವರಿಗೆ ಬುದ್ಧಿಯೂ ಇರಬೇಕು ಎಂದು ಎಲ್ಲಿಯೂ ಬರೆದಿಲ್ಲ.

ಅಷ್ಟರಲ್ಲಿ ದಿಣ್ಣೆಯ ಮೇಲೆ ಮಕ್ಕಳ ಸಾಲು ಬಂದು ನಿಂತಿತು. ಮುಂದೆ ಮಾಲನ್, ಹಿಂದೆ ಕಾಫಿಯ ಫ್ಲಾಸ್ಕು ಹಿಡಿದ ಸಾಕಾರಿಸ್, ಹಬ್ಬವಲ್ಲವೇ. ಎಲ್ಸ್ಪಾ ಎದ್ದಳು. ಸಾಲಿನ ಕಡೆ ನೋಡಿದಳು. ಹಳದಿ ಜಾಕೆಟ್ಟು, ನೀಲಿ ಜಾಕೆಟ್ಟು, ಪಟ್ಟೆ ಟೋಪಿ. ಯಾರು ಯಾರೆಂದು ಅವಳಿಗೆ ಗೊತ್ತು. ಆದರೆ ಗೊತ್ತಿರುವುದು ಜಾಕೆಟ್ಟಿನಿಂದ. ಜಾಕೆಟ್ಟಿನ ಮೇಲೆ ಇರಬೇಕಾದ ಮುಖಗಳು ಮಂಜು ಮುಚ್ಚಿದ ಕಿಟಕಿಯ ಹಾಗಿದ್ದವು. ಎಷ್ಟು ಕಾಲದಿಂದ ಹೀಗಿದೆ? ಮುಖ ಕಾಣುತ್ತಿಲ್ಲ ಎಂಬುದು ತನಗೇ ಕಾಣಲಿಲ್ಲವೇ? ಅವಳು ದಿಣ್ಣೆ ಹತ್ತಿ ಮರದ ಹಕ್ಕಿಯನ್ನು ತಲೆಯ ಮೇಲೆ ಎತ್ತಿ ಹಿಡಿದಳು.

ಒಂದು ಮಗುವೂ ಅಯ್ಯೋ ಎನ್ನಲಿಲ್ಲ. ಒಂದು ಮಗುವೂ ನಗಲಿಲ್ಲ. ಎಲ್ಲರೂ ಬೂಟು ನೋಡಿಕೊಂಡು ನಿಂತರು. ಹಾನುಸ್ ಹೇಳಿದ್ದಕ್ಕಿಂತ, ಮೊಳೆಯ ಕಣ್ಣಿಗಿಂತ, ಆ ಮೌನವೇ ಅವಳನ್ನು ಸೀಳಿತು. ಆರು ವರ್ಷದ ಮಕ್ಕಳಿಗೂ ಗೊತ್ತಿತ್ತು. ಆರು ವರ್ಷದ ಮಕ್ಕಳೂ ತನಗಾಗಿ ಸುಳ್ಳು ಹಾಡಿದ್ದರು.

ಮಾಲನ್ ಅಳು ಬಂದ ದನಿಯಲ್ಲಿ, ನಿನ್ನ ಮನಸ್ಸು ನೋಯಿಸಬಾರದು ಅಂತ ಎಲ್ಸ್ಪಕ್ಕ, ಎಂದಳು.

"ನನ್ನ ಮನಸ್ಸು," ಎಂದಳು ಎಲ್ಸ್ಪಾ. "ಕಣ್ಣು ಕಾಣದವಳ ಹಿಂದೆ ಹದಿನಾಲ್ಕು ಮಕ್ಕಳನ್ನ ಕೂರಿಸಿದ್ದೀರಿ. ನನ್ನ ಮನಸ್ಸು ನೋಯಬಾರದು ಅಂತ. ನಾಳೆ ಇವರಲ್ಲಿ ಒಬ್ಬರನ್ನ ನಾನು ಕೊಂದಿದ್ರೆ, ಆಗ ಏನು ಹಾಡ್ತಿದ್ರಿ?"

ಅವಳು ಜೇಬಿನಿಂದ ಬಸ್ಸಿನ ಬೀಗದಕೈ ತೆಗೆದು ಮಾಲನ್‌ನ ಅಂಗೈಯಲ್ಲಿಟ್ಟಳು. ಮಧ್ಯಾಹ್ನ ಅವರವರ ಮಕ್ಕಳನ್ನು ಅವರವರೇ ಬಂದು ಕರೆದುಕೊಂಡು ಹೋಗಲಿ ಎಂದಳು. ಸಾಕಾರಿಸ್ ಏನೋ ಹೇಳಲು ಬಾಯಿ ತೆರೆದ. ಅವಳು ಅವನ ಮುಂದೆಯೇ ಹಾದುಹೋದಳು, ಅಲ್ಲಿ ಯಾರೂ ಇಲ್ಲವೆಂಬಂತೆ. ಶಾಲೆಯವರೆಗೆ ನಡೆದು, ಬಾವುಟದ ಹಗ್ಗ ಬಿಚ್ಚಿ, ತಾನೇ ಇಳಿಸಿ ಮಡಚಿಟ್ಟಳು.

ಮುಂದಿನ ವಾರ ಹಾನುಸ್ ಅವಳನ್ನು ಸುರಂಗದ ದಾರಿಯಲ್ಲಿ ರಾಜಧಾನಿಯ ಕಣ್ಣಿನ ವೈದ್ಯರ ಹತ್ತಿರ ಕರೆದೊಯ್ದ. ಎರಡೂ ಕಣ್ಣಿಗೆ ಪೊರೆ. ಚಿಕ್ಕ ಶಸ್ತ್ರಚಿಕಿತ್ಸೆ, ಬೇಸಿಗೆಯಲ್ಲಿ ಒಂದು ಕಣ್ಣು, ಚಳಿಗಾಲಕ್ಕೆ ಮುಂಚೆ ಇನ್ನೊಂದು ಎಂದರು ವೈದ್ಯರು. ಇಷ್ಟು ತಡ ಯಾಕೆ ಮಾಡಿದಿರಿ, ಹತ್ತಿರದವರು ಯಾರೂ ಹೇಳಲಿಲ್ಲವೇ ಎಂದೂ ಕೇಳಿದರು. ಹಾನುಸ್ ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತಾ ಕುಳಿತ.

ನಿಜವಾದ ಚಾಲ್ದುರ್ ಬಂದದ್ದು ಅದಕ್ಕೂ ಮುಂಚೆ, ಮಾರ್ಚ್ ಹದಿನೈದಕ್ಕೆ. ಊರಿನಲ್ಲಿ ಎಷ್ಟೋ ಜನ ಕಂಡರು, ಮೊದಲು ಕಂಡವನು ನಾನು ಎಂದು ಹೇಳಿಕೊಳ್ಳಲು ಒಬ್ಬನೂ ಮುಂದೆ ಬರಲಿಲ್ಲ. ಎಲ್ಸ್ಪಾ ಮನೆಯೊಳಗೆ ಕೂತು ಅದರ ಕಿರುಚಾಟ ಕೇಳಿದಳು. ಬಾಗಿಲು ತೆಗೆಯಲಿಲ್ಲ. ಸಾಕಾರಿಸ್ ನಾಲ್ಕು ಸಲ ಬಂದು ತಟ್ಟಿದ, ಆಗಲೂ ತೆಗೆಯಲಿಲ್ಲ. ಬಸ್ಸು ಹೋದದ್ದಕ್ಕೆ, ಹೆಸರು ಹೋದದ್ದಕ್ಕೆ ಅವಳು ಒಂದಿಷ್ಟು ಹೊಂದಿಕೊಂಡಿದ್ದಳು, ಸತ್ಯಕ್ಕೆ ಸಿಟ್ಟಾಗಿ ಏನು ಪ್ರಯೋಜನ. ಆದರೆ ಆ ನಾಲ್ಕು ತಿಂಗಳ ಮಾತಿನಲ್ಲಿ ರಸ್ತೆಗೆ ಎಷ್ಟು, ತನಗೆ ಎಷ್ಟು ಎಂದು ರಾತ್ರಿಯೆಲ್ಲ ಬೇರ್ಪಡಿಸುತ್ತಾ ಮಲಗುವಳು. ಹುಳು ಹೆಕ್ಕುವುದರಲ್ಲಿ ಅಷ್ಟು ಪಳಗಿದ ಕೈಗೆ ಇದು ಮಾತ್ರ ಹತ್ತಲಿಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಅವನು ಐದನೇ ಸಲ ಬಂದ. ತಟ್ಟಲಿಲ್ಲ, ಹೊರಗಿನ ಕಲ್ಲುಗೋಡೆಯ ಮೇಲೆ ಕೂತ. ಒಂದು ಗಂಟೆಯಾದರೂ ಎದ್ದು ಹೋಗಲಿಲ್ಲ. ಕೊನೆಗೆ ಎಲ್ಸ್ಪಾ ಬಾಗಿಲು ತೆಗೆದು ಹೊಸ್ತಿಲಲ್ಲೇ ನಿಂತಳು.

"ಇಲ್ಲೂ ಕಾವಲಿಗೆ ಕಳ್ಸಿದ್ದಾರಾ?"

"ಇಲ್ಲ."

"ನಾಲ್ಕು ತಿಂಗಳು ನನ್ನ ಪಕ್ಕ ಕೂತೆ, ನನ್ನ ರೊಟ್ಟಿ ತಿಂದೆ. ಒಂದು ದಿನ ಹೇಳಬೋದಿತ್ತು."

"ಹೇಳಬೇಕಿತ್ತು," ಎಂದ ಸಾಕಾರಿಸ್. "ಹೇಳಿದ್ರೆ ಮಾರನೇ ದಿನ ನಿನಗೆ ಬಸ್ಸಿಲ್ಲ, ನನಗೆ ಆ ಸೀಟಿಲ್ಲ. ಸ್ವಾರ್ಥ. ತಪ್ಪು ನನ್ನದೇ."

ಅವಳು ಅವನ ಕಡೆ ನೋಡಿದಳು. ಕಪ್ಪು ಕೋಟು, ಬೂದು ಟೋಪಿ, ನಡುವೆ ಮಂಜು. ಆ ಮಂಜಿನಲ್ಲಿ ಏನು ಬರೆದಿದೆಯೋ ಕಾಣುತ್ತಿರಲಿಲ್ಲ. ಅದಕ್ಕೇ ಕೇಳಬೇಕಾಯಿತು.

"ಕೆಂಪು ಬಣ್ಣ ನನಗೆ ಒಪ್ಪುತ್ತೆ ಅಂದ್ಯಲ್ಲ. ಅದನ್ನೂ ಅವರೇ ಹೇಳ್ಕೊಟ್ಟಿದ್ದಾ?"

ಸಾಕಾರಿಸ್ ಟೋಪಿ ತೆಗೆದ.

"ರಸ್ತೇಲಿ ಇದ್ದಿದ್ದನ್ನ ಹೇಳು ಅಂತ ಅವರು ಹೇಳಿದ್ದು, ಎಲ್ಸ್ಪಾ. ಅದು ರಸ್ತೇಲಿ ಇರ್ಲಿಲ್ಲ."